ಕಡ್ಡಿ ಕಂಡುಹಿಡಿದ ತಪ್ಪು

ಟೈಲರ್ ಅಣ್ಣನ ಮಗಳು ವಾಲಿಬಾಲ್‌ನಲ್ಲಿ ಎತ್ತಿದ ಕೈ. ಆದರೆ ಒಂದು ತಿಂಗಳಿಂದ ಅವಳು ಐದು ಸರ್ವಿಸ್ ಹೊಡೆದರೆ ಎರಡು ನೆಟ್ಟಿಗೇ ಬಡಿಯುತ್ತಿದ್ದವು. ಯಾಕೆಂದು ಅವಳಿಗೂ ಗೊತ್ತಿಲ್ಲ, ಅಪ್ಪನಿಗಂತೂ ಗೊತ್ತೇ ಇಲ್ಲ. ಶಾಲೆಯ ತಂಡದ ಆಯ್ಕೆಗೆ ಉಳಿದಿದ್ದು ಹದಿನೈದೇ ದಿನ. ಅಂಥ ಹೊತ್ತಿನಲ್ಲಿ ಮಗಳು ಬಂದು, ಆಟದ ಪೀರಿಯಡ್‌ನಲ್ಲಿ ಕಡ್ಡಿಗೆ ಸರ್ವಿಸ್ ಹೇಳಿಕೊಡುತ್ತಿದ್ದೇನೆ ಎಂದಳು. ಕಡ್ಡಿ ಅಂದರೆ ಅವಳದೇ ಕ್ಲಾಸಿನ ತೆಳ್ಳಗಿನ ಹುಡುಗಿ. ಚೆಂಡು ಕಂಡರೆ ಕಣ್ಣು ಮುಚ್ಚಿಕೊಳ್ಳುವವಳು.

ಅಪ್ಪ ಹೊಲಿಗೆ ಯಂತ್ರ ನಿಲ್ಲಿಸಿದ.

“ಆಯ್ಕೆ ತಲೆ ಮೇಲಿದೆ, ನೀನು ಅವಳಿಗೆ ಪಾಠ ಹೇಳ್ತಾ ಕೂತಿದ್ದೀಯಾ? ಊರಿಗೆ ಉಪಕಾರಿ, ಮನೆಗೆ ಮಾರಿ!”

“ಮೇಡಂ ಹೇಳಿದ್ದು ಅಪ್ಪ. ಎಲ್ಲರೂ ಜೋಡಿ ಜೋಡಿ.”

“ಮತ್ತೆ ಮೇಡಂ ಏನ್ಮಾಡ್ತಾರೆ? ನೆರಳಲ್ಲಿ ಕೂತಿರ್ತಾರಾ?”

ಮರುದಿನ ಕೇಳಿಯೇ ಬಿಡೋಣವೆಂದು ಅವನು ಶಾಲೆಗೆ ಹೋದ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಮೈದಾನದಲ್ಲಿ, ಅವನಿಗೆ ಗೊತ್ತಿದ್ದ ಹಾಗೆ, ಸರದಿಗೆ ಕಾಯುವ ಮಕ್ಕಳ ಉದ್ದನೆಯ ಸಾಲೇ ಇರಲಿಲ್ಲ. ಕೆಲವರು ಸರ್ವಿಸ್ ಹೊಡೆಯುತ್ತಿದ್ದರು, ಕೆಲವರು ಲಾಂಗ್ ಜಂಪ್ ಹಾರುತ್ತಿದ್ದರು. ಪ್ರತಿ ಜೋಡಿಯಲ್ಲೂ ಒಬ್ಬರ ಕೈಯಲ್ಲಿ ಚೀಟಿ. ಪಿ.ಟಿ. ಮೇಡಂ ಬೆವರು ಒರೆಸಿಕೊಳ್ಳುತ್ತಾ ಜೋಡಿಯಿಂದ ಜೋಡಿಗೆ ಓಡಾಡುತ್ತಿದ್ದರು. ಜಗಳಕ್ಕೆ ಬಂದವನಿಗೆ ಇದೇನಿದು ಎಂದು ಕುತೂಹಲ ಹುಟ್ಟಿತು.

“ಮಕ್ಕಳಿಗೆ ಮಕ್ಕಳೇ ಕಲಿಸಿದ್ರೆ ತಪ್ಪುತಪ್ಪಾಗಿ ಕಲಿಯಲ್ವಾ ಮೇಡಂ?”

“ಅದಕ್ಕೇ ಮೊದಲು ನಾನು ಎಲ್ಲರಿಗೂ ಮಾಡಿ ತೋರಿಸ್ತೀನಿ ಟೈಲರಣ್ಣ. ಆಮೇಲೆ ಈ ಚೀಟಿ.”

ಸರ್ವಿಸ್‌ನ ಚೀಟಿಯಲ್ಲಿ ಮೂರೇ ಪ್ರಶ್ನೆ: ಎಡಗಾಲು ಮುಂದಿದೆಯಾ? ಚೆಂಡು ನೆಟ್ಟಗೆ ಮೇಲೇರಿತಾ? ಹೊಡೆಯುವ ತನಕ ಕಣ್ಣು ಚೆಂಡಿನ ಮೇಲೇ ಇತ್ತಾ?

“ಒಬ್ಬರು ಹೊಡೀತಾರೆ, ಇನ್ನೊಬ್ಬರು ನೋಡಿ ಹೇಳ್ತಾರೆ. ಹತ್ತು ಹೊಡೆತ ಆದ್ಮೇಲೆ ಅದಲು ಬದಲು. ಗೇಲಿ ಮಾಡೋ ಹಾಗಿಲ್ಲ. ಮುಂಚೆ ಸಾಲಲ್ಲಿ ನಿಂತೂ ನಿಂತೂ ಒಬ್ಬೊಬ್ಬರಿಗೆ ಎರಡು ಸಲ ಚೆಂಡು ಸಿಕ್ಕಿದ್ರೆ ಹೆಚ್ಚು.”

ಅಷ್ಟರಲ್ಲಿ ಅತ್ತ ಮಗಳ ಚೆಂಡು ನೆಟ್ಟಿಗೆ ಬಡಿಯಿತು. ಕಡ್ಡಿ ಚೀಟಿ ನೋಡಿದಳು.

“ಮೂರನೇದು ತಪ್ಪು ಕಣೇ. ಹೊಡೆಯೋಕೆ ಮುಂಚೆನೇ ನೆಟ್ ಕಡೆ ನೋಡ್ತೀಯಾ. ಆಗಿಂದ ನೋಡ್ತಿದ್ದೀನಿ, ನೆಟ್ಟಿಗೆ ಬಡಿದಾಗೆಲ್ಲ ಅದೇ.”

ಮಗಳ ಮುಖ ಕೆಂಪಾಯಿತು. ಅಪ್ಪನದೂ ಆಯಿತು. ಈ ಪೊರಕೆಕಡ್ಡಿ ನನ್ನ ಮಗಳಿಗೆ ಹೇಳಿಕೊಡುವುದೇ!

ಆದರೆ ಮಗಳು ಚೆಂಡು ಎತ್ತಿಕೊಂಡಳು. “ಸರಿ, ಈಗ ನೋಡು.”

ಚೆಂಡು ನೆಟ್ ದಾಟಿತು. ಮತ್ತೊಂದೂ ದಾಟಿತು. ಆ ಸರದಿಯಲ್ಲಿ ಉಳಿದಿದ್ದ ನಾಲ್ಕೂ ದಾಟಿದವು.

ಟೈಲರ್ ಅಣ್ಣ ಕೊರಳಿನ ಟೇಪು ಹಿಡಿದುಕೊಂಡ. ಇಪ್ಪತ್ತು ವರ್ಷದಿಂದ ಊರಿನವರ ಅಳತೆಯನ್ನೆಲ್ಲ ತೆಗೆದವನು, ತನ್ನ ಬೆನ್ನಿನ ಅಳತೆಗೆ ಮಾತ್ರ ಹೆಂಡತಿಯನ್ನೇ ಕರೆಯುತ್ತಿದ್ದ. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಅವನಿಗೆ ಯಾರೂ ಹೇಳಬೇಕಾದ ಮಾತಾಗಿರಲಿಲ್ಲ.

ಈಗ ಕಡ್ಡಿಯ ಸರದಿ. ಅವಳ ಚೆಂಡು ನೆಟ್ಟಿನ ಬುಡಕ್ಕೆ ಬಿತ್ತು. “ಕಣ್ಣು ಮುಚ್ಚಲಿಲ್ಲ ಕಣೇ ನೀನು!” ಎಂದು ಮಗಳು ಕುಣಿದಳು. ಅಪ್ಪನಿಗೂ ತಡೆಯಲಾಗಲಿಲ್ಲ.

“ಎಡಗಾಲು ಮುಂದಿಡು ಮಗಾ, ಎಡಗಾಲು!”

“ಚೀಟಿ ಇಲ್ಲದವರು ಮಾತಾಡೋ ಹಾಗಿಲ್ಲ ಅಣ್ಣ,” ಎಂದು ನಕ್ಕರು ಮೇಡಂ.

ಹದಿನೈದು ದಿನವಾದ ಮೇಲೆ ಮಗಳ ಹೆಸರು ತಂಡದ ಪಟ್ಟಿಯಲ್ಲಿತ್ತು. ಓಡಿಬಂದವಳನ್ನು ಅಪ್ಪ ಮೊದಲು ಕೇಳಿದ್ದು, “ಕಡ್ಡಿಗೆ ಹೇಳಿದೆಯಾ?” ಎಂದು.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಕ್ಕಳ ಆಟದ ಪೀರಿಯಡ್ ಸಾಲಿನಲ್ಲಿ ನಿಲ್ಲುವುದರಲ್ಲೇ ಮುಗಿಯುತ್ತಿದೆಯೇ? ಒಮ್ಮೆ ಹೋಗಿ ನೋಡಿ, ಟೀಚರ್ ಹತ್ತಿರ ಜೋಡಿ ಕಲಿಕೆಯ ಮಾತೆತ್ತಿ. ಮಗು ಮನೆಗೆ ಬಂದಾಗ “ಗೆದ್ದೆಯಾ?” ಎಂದು ಕೇಳುವ ಮೊದಲು, “ಇವತ್ತು ಯಾರಿಗೆ ಕಲಿಸಿದೆ? ಯಾರಿಂದ ಕಲಿತೆ?” ಎಂದು ಕೇಳಿ.