ನಮಗೇನು ಕಡಿಮೆ

ಹೊರಗಿನವರ ಮುಂದೆ ‘ಇಲ್ಲ’ ಅನ್ನುವ ಮಾತು ನಮ್ಮತ್ತೆಯ ಬಾಯಿಂದ ಹೊರಡುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಹೆಂಗಸು. ಅವರೊಬ್ಬರೇ ಏನು, ಇಡೀ ಊರೇ ಹಾಗೆ.

ಹೊಳೆ ಉಕ್ಕಿ ದಾರಿ ಮುಚ್ಚಿದರೆ ನಾವು ಯಾರ ನೆರವೂ ಇಲ್ಲದೆ ಬದುಕಿಕೊಳ್ಳುತ್ತೇವೋ ಇಲ್ಲವೋ ನೋಡಲು ಬೇಸಿಗೆಯಲ್ಲಿ ಒಬ್ಬ ಅಧಿಕಾರಿ ಬಂದ. ಬಾವಿ ಇಣುಕಿದ, ಕಣಜಕ್ಕೆ ಕೈ ಹಾಕಿದ, ಸೌದೆಯ ಒಟ್ಟಿಲನ್ನು ಸುತ್ತಿ ಬಂದ. ಕೊನೆಗೆ ನಮ್ಮ ಜಗಲಿಯಲ್ಲಿ ಕೂತು, “ಹೆರಿಗೆಗೆಲ್ಲ ಏನ್ಮಾಡ್ತೀರಿ?” ಎಂದು ಕೇಳಿದ.

“ಅರ್ಧ ಊರು ನನ್ನ ಕೈಯಲ್ಲೇ ಹುಟ್ಟಿದ್ದು. ನಮಗೇನಪ್ಪ ಕಡಿಮೆ?” ಎಂದರು ಅತ್ತೆ. ಹಾಗನ್ನುವಾಗ ಎರಡೂ ಕೈ ಸೆರಗಿನೊಳಗಿದ್ದವು.

ಯಾಕೆಂದರೆ ಆ ಕೈಗಳು ನಡುಗುತ್ತಿದ್ದವು. ಕಾಫಿ ಲೋಟವನ್ನೂ ನಾನೇ ಹಿಡಿದು ಕುಡಿಸಬೇಕಿತ್ತು. ನನಗೆ ತಡೆಯಲಾಗಲಿಲ್ಲ. “ಅತ್ತೆ ಕೈಲಿ ಈಗ ಆಗಲ್ಲ ಸಾರ್. ಎಲ್ಲಾ ನರ್ಸಮ್ಮನೇ ನೋಡ್ಕೊಳ್ಳೋದು,” ಎಂದುಬಿಟ್ಟೆ.

“ನಿನ್ನನ್ನ ಕೇಳಿದ್ರಾ? ಒಲೆ ಮೇಲೆ ಹಾಲಿದೆ, ಹೋಗು!” ಎಂದು ಅತ್ತೆ ಗದರಿದರು.

“ಅತ್ತೆ-ಸೊಸೆ ಜಗಳ ಸಾರ್, ಎಲ್ಲಾ ಮನೇಲೂ ಇದ್ದಿದ್ದೇ,” ಅಂದ ನನ್ನ ಗಂಡ, ಮಹಾರಾಯ. ನೆರೆದಿದ್ದ ಗಂಡಸರೆಲ್ಲ ನಕ್ಕರು. ಅಧಿಕಾರಿಯೂ ನಕ್ಕ.

ನಮ್ಮದು ಸ್ವಂತ ಕಾಲ ಮೇಲೆ ನಿಂತ ಊರೆಂದು ತೀರ್ಮಾನವಾಯಿತು. ಮೆಚ್ಚುಗೆಗೊಂದು ಹಲಗೆ ಬಂತು, ಇಲ್ಲಿ ಇನ್ನು ಬೇಕಿಲ್ಲವೆಂದು ನರ್ಸಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಹಲಗೆಯನ್ನು ಬಸ್ಸು ನಿಲ್ಲುವಲ್ಲಿ ಹೊಡೆದು ಎಲ್ಲರೂ ಮೀಸೆ ತಿರುವಿದರು. ಪಕ್ಕದ ಬೀದಿಯಲ್ಲಿದ್ದ ನನ್ನ ನಾದಿನಿ ಆಗ ಬಸುರಿ. ಬಂದು ನನ್ನ ಕೈ ಹಿಡಿದು, “ಅತ್ತಿಗೆ, ನನ್ನ ಹೆರಿಗೆಗೆ ಯಾರಿರ್ತಾರೆ?” ಎಂದಳು.

ಮಳೆ ಹಿಡಿಯಿತು, ಹೊಳೆ ದಾರಿ ನುಂಗಿತು, ಅವಳಿಗೆ ನೋವು ಶುರುವಾಯಿತು. ಕಣಜ ತುಂಬಿತ್ತು, ಸೌದೆ ನೆನೆದಿರಲಿಲ್ಲ, ಹಂಡೆ ತುಂಬ ಬಿಸಿನೀರಿತ್ತು. ಅತ್ತೆ ಮಗಳ ಕಾಲ ಬಳಿ ಕೂತು ಕೈ ಚಾಚಿದರು, ಹಿಂದಕ್ಕೆಳೆದುಕೊಂಡರು. “ನೀನೇ ಹಿಡಿ ಕಣೇ. ನಾನ್ ಹೇಳ್ತೀನಿ,” ಎಂದರು. ಮಗು ನನ್ನ ಕೈಗೆ ಬಂತು. ಆಮೇಲೆ ರಕ್ತ ನಿಲ್ಲಲಿಲ್ಲ. ಅತ್ತೆ ಹೇಳಿದ್ದನ್ನೆಲ್ಲ ಮಾಡಿದೆ, ಹೇಳದೆ ಇದ್ದದ್ದನ್ನೂ ಮಾಡಿದೆ. ನಾದಿನಿ ನನ್ನನ್ನೇ ನೋಡುತ್ತಾ ಹೋಗಿಬಿಟ್ಟಳು. ಆ ಕಣ್ಣು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅತ್ತೆ ಅಳಲಿಲ್ಲ, ಎರಡೂ ಕೈಗಳನ್ನು ಹೊಸಿಲಿಗೆ ಬಡಿದುಕೊಂಡರು.

ನೀರಿಳಿದ ಮೇಲೆ ಅದೇ ಅಧಿಕಾರಿ ಬಂದು ಅದೇ ಜಗಲಿಯಲ್ಲಿ ಕೂತ. “ಹೇಗೆ ನಿಭಾಯಿಸಿದ್ರಿ?” ಎಂದ.

ನನ್ನ ಗಂಡ ಗಂಟಲು ಸರಿಮಾಡಿಕೊಂಡ. “ಕಾಳುಕಡ್ಡಿಗೇನೂ ಕಡಿಮೆ ಆಗ್ಲಿಲ್ಲ ಸಾರ್...”

“ಮುಚ್ಚೋ ಬಾಯಿ!” ಒಳಗಿಂದ ಅತ್ತೆ ಬಂದರು. ನಾನು ಮಗುವನ್ನೆತ್ತಿಕೊಂಡು ಅವರ ಹಿಂದೆಯೇ ನಿಂತೆ. ಸೆರಗಿನಿಂದ ಕೈಗಳನ್ನು ತೆಗೆದು ಅಧಿಕಾರಿಯ ಮುಂದೆ ಚಾಚಿದರು. ಬೆರಳುಗಳು ಎಲ್ಲರೂ ಕಾಣುವಂತೆ ನಡುಗಿದವು.

“ನನ್ನ ಸೊಸೆ ಅವತ್ತೇ ಹೇಳಿದ್ಳು, ನೀವೆಲ್ಲ ನಕ್ಕಿರಿ. ಇಲ್ಲಪ್ಪ. ನಮ್ಮ ಹತ್ರ ಇಲ್ಲ,” ಎಂದರು ಅತ್ತೆ.