ಎರಡು ಮೊಳ ಮಣ್ಣು

ಬೀಗದ ಕಾರ್ಖಾನೆಯ ಬೇಸ್‌ಬಾಲ್ ತಂಡದಲ್ಲಿ ಅವನನ್ನು ಎಲ್ಲರೂ ಗೂಟ ಎಂದೇ ಕರೆಯುತ್ತಿದ್ದರು. ಗೇಲಿಗೆಂದು ಇಟ್ಟ ಹೆಸರು, ಆದರೂ ಅವನಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ. ಉಳಿದವರು ಏದುಸಿರು ಬಿಡುತ್ತ ಚೆಂಡಿನ ಹಿಂದೆ ಓಡುವಾಗ ಇವನು ಬ್ಯಾಟ್ ಹಿಡಿದವನ ಭುಜ, ಪಾದ ನೋಡಿ, ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಾಟಿಕೊಂಡುಬಿಡುತ್ತಿದ್ದ. ಒಂದನೇ ಬೇಸಿಗೂ ಎರಡನೇ ಬೇಸಿಗೂ ನಡುವೆ, ಮಣ್ಣು ಮುಗಿದು ಹುಲ್ಲು ಶುರುವಾದ ಮೇಲೆ ಇನ್ನಷ್ಟು ಹಿಂದೆ ಅವನ ಠಾವು. ಬಲ ಮೊಣಕಾಲು ಕೈಕೊಟ್ಟು ಎಷ್ಟೋ ಕಾಲವಾಗಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ. ಓಡುವವನಿಗೆ ತಾನೆ ಮೊಣಕಾಲು ಬೇಕು?

ಅಷ್ಟರಲ್ಲಿ ಹೊಸ ನಿಯಮ ಬಂತು. ಬೇಸುಗಳ ಹತ್ತಿರ ನಿಲ್ಲುವ ನಾಲ್ವರು ಫೀಲ್ಡರುಗಳಲ್ಲಿ ಎರಡನೇ ಬೇಸಿನ ಆಚೆ ಇಬ್ಬರು, ಈಚೆ ಇಬ್ಬರು ಇರಬೇಕು. ಪಿಚರ್ ಚೆಂಡೆಸೆಯುವ ತನಕ ನಾಲ್ವರ ಪಾದಗಳೂ ಮಣ್ಣಿನ ಮೇಲೇ ಇರಬೇಕು, ಹುಲ್ಲು ತುಳಿಯಬಾರದು. ತಣ್ಣನೆಯ ಕೋಣೆಯಲ್ಲಿ ಕೂತು ಯಾವನೋ ಬರೆದದ್ದು. ಪುಣ್ಯಾತ್ಮನ ಮೊಣಕಾಲು ಗಟ್ಟಿಯಾಗಿದ್ದಿರಬೇಕು. ಮುಂದೆ ಬಂದು ನಿಂತ ಗೂಟ ಮೈ ತಿರುಗಿಸುವಷ್ಟರಲ್ಲಿ ಚೆಂಡು ಅವನನ್ನು ದಾಟಿ ಹೋಗಿರುತ್ತಿತ್ತು. ಒಂದರ ಮೇಲೊಂದು ಪಂದ್ಯ ಅವನಿಂದಲೇ ಕೈತಪ್ಪಿದವು.

ಕಾರ್ಖಾನೆಯ ಮ್ಯಾನೇಜರ್ ಕರೆದು, ಮಾತು ಬೆಳೆಸದೆ ಹೇಳಿದ. "ಭಾನುವಾರದ್ದೇ ಕೊನೇ ಪಂದ್ಯ. ಗೆದ್ರೆ ಸರಿ. ಸೋತ್ರೆ ನೀವು ತಂಡದಲ್ಲಿರಲ್ಲ. ತಂಡದಲ್ಲಿ ಇಲ್ಲದವರಿಗೆ ಸ್ಟೋರಿನ ಕೆಲಸ ಕೊಡೋಕಾಗಲ್ಲ. ಮತ್ತೆ ಕುಲುಮೆಗೆ ಹೋಗ್ಬೇಕಾಗುತ್ತೆ."

ಸ್ಟೋರಿನಲ್ಲಿ ಕೂರಲು ಕುರ್ಚಿಯಿತ್ತು. ಕುಲುಮೆಯಲ್ಲಾದರೆ ದಿನವಿಡೀ ನಿಂತು ಕಾದ ಹಿತ್ತಾಳೆ ಹೊರಬೇಕು. ಈ ಕಾಲಿಟ್ಟುಕೊಂಡು ಅಲ್ಲಿ ಒಂದು ವಾರವೂ ತಡೆಯಲಾರೆ, ಆಮೇಲೆ ಗೇಟಿನಾಚೆಯ ಬೀದಿಯೇ ಗತಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಹೆಂಡತಿ ಎಲ್ಲವನ್ನೂ ಕೇಳಿ ಕೈ ನಿಲ್ಲಿಸಿದಳು. "ನನ್ನ ತಮ್ಮನ್ನ ಕೇಳಿ ನೋಡ್ರೀ. ಮೈದಾನ ನೋಡ್ಕೊಳ್ಳೋನು ಅವನೇ ಅಲ್ವಾ?"

"ಅವನೇನು ನನಗೆ ಹೊಸ ಕಾಲು ಹಾಕ್ಕೊಡ್ತಾನಾ?"

"ನೀವು ಹುಲ್ಲಿಗೆ ಹೋಗಬಾರದು ತಾನೆ? ಹುಲ್ಲೇ ಹಿಂದಕ್ಕೆ ಹೋಗ್ಲಿ."

ಬಾಮೈದ ಕೇಳಿದೊಡನೆ ಹೌಹಾರಿದ. "ಭಾವ, ಗೊತ್ತಾದ್ರೆ ನನ್ನ ಕೆಲಸಾನೂ ಹೋಗುತ್ತೆ."

"ನಿನ್ನ ಕಾಲು ಹಿಡೀತೀನಿ ಕಣೋ." ಗೂಟ ನಿಜಕ್ಕೂ ಬಗ್ಗಿಯೇಬಿಟ್ಟ.

"ಅಯ್ಯೋ ಬೇಡ ಭಾವ, ಬಗ್ಗಿದ್ರೆ ನಿಮಗೆ ಏಳೋಕಾಗಲ್ಲ!" ಬಾಮೈದನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಒಪ್ಪಿಕೊಂಡ.

ಶನಿವಾರ ಬೆಳಗ್ಗೆ ಅವನು ಆ ಬದಿಯ ಹುಲ್ಲನ್ನು ಎರಡು ಮೊಳ ಅಗಲಕ್ಕೆ ಬೇರುಸಮೇತ ಎಬ್ಬಿಸಿ, ಸುರುಳಿ ಸುತ್ತಿ, ಶೆಡ್ಡಿನ ಹಿಂದೆ ಒದ್ದೆ ಗೋಣಿಯ ಕೆಳಗಿಟ್ಟ. ಕೆಂಪು ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಎಳೆದ. ಹುಟ್ಟಿದಾಗಿನಿಂದ ಮೈದಾನ ಹಾಗೇ ಇತ್ತೇನೋ ಅನ್ನಬೇಕು. ಅಂಪೈರ್ ನೋಡುವುದು ಪಾದದ ಕೆಳಗೆ ಮಣ್ಣಿದೆಯೋ ಹುಲ್ಲಿದೆಯೋ ಎಂದಷ್ಟೇ. ಟೇಪು ಹಿಡಿದು ಅಳೆಯುವ ಪುರುಸೊತ್ತು ಯಾರಿಗಿದೆ?

ಭಾನುವಾರ ಗೂಟ ಆ ಹೊಸ ಮಣ್ಣಿನ ತುದಿಯಲ್ಲಿ ಹಿಮ್ಮಡಿ ಊರಿ ನಿಂತ. ನುಗ್ಗಿ ಬಂದ ಒಂದು ಚೆಂಡಿಗೆ ಬಗ್ಗಲು ಸಮಯ ಸಿಕ್ಕಿತು, ಹಿಡಿದ. ಇನ್ನೊಂದು ಬಂತು, ಅದನ್ನೂ ಹಿಡಿದ. ಮ್ಯಾನೇಜರ್ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದ. ಬೇಲಿಯ ಹತ್ತಿರ ನೀರಿನ ಪೈಪು ಹಿಡಿದಿದ್ದ ಬಾಮೈದನ ಮುಖ ಇಷ್ಟಗಲವಾಯಿತು.

ಕೊನೆಯ ಇನಿಂಗ್ಸ್. ಗೂಟನ ತಂಡಕ್ಕೆ ಒಂದೇ ರನ್ನಿನ ಹಿನ್ನಡೆ, ಇನ್ನೊಬ್ಬ ಔಟಾದರೆ ಆಟವೇ ಮುಗಿಯಿತು. ಎರಡನೇ, ಮೂರನೇ ಬೇಸಿನಲ್ಲಿ ಇವರ ಇಬ್ಬರು ಕಾಯುತ್ತಿದ್ದಾರೆ. ಬ್ಯಾಟ್ ಹಿಡಿದು ಬಂದವನು ಗೂಟ. ಎಡಗೈ ಆಟಗಾರ; ಅವನ ಹೊಡೆತ ಜನ್ಮದಲ್ಲಿ ಒಂದೇ ಕಡೆ ಹೋದದ್ದು, ತಾನು ಫೀಲ್ಡಿಂಗಿಗೆ ನಿಲ್ಲುವ ಆ ಬಲಬದಿಗೆ. ಚೆಂಡು ಅಲ್ಲಿ ಫೀಲ್ಡರನ್ನು ದಾಟಿದರೆ ಇಬ್ಬರೂ ಓಡಿ ಬಂದು ಹೋಮ್ ಬೇಸು ಮುಟ್ಟುತ್ತಾರೆ, ಎರಡು ರನ್ನು, ಪಂದ್ಯ ಗೆದ್ದಂತೆ.

ಅಲ್ಲಿ ನಿಂತಿದ್ದವನು ಎದುರು ತಂಡದ ಕೊಕ್ಕರೆ, ಉದ್ದುದ್ದ ಕಾಲಿನವ. ಅವನು ಗೂಟನ ಮೊಣಕಾಲಿಗೆ ಸುತ್ತಿದ ಪಟ್ಟಿ ನೋಡಿದ. ಈತ ಓಡಲಾರ, ದೂರ ನಿಂತರೂ ಇವನಿಗಿಂತ ಮೊದಲು ಚೆಂಡನ್ನು ಒಂದನೇ ಬೇಸಿಗೆ ಎಸೆಯಬಹುದು ಎಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಕಾಲಕೆಳಗೆ ಮಣ್ಣೇ ಇತ್ತು. ಇನ್ನೊಂದು ಹೆಜ್ಜೆ ಸರಿದ. ಇನ್ನೂ ಮಣ್ಣು. ಹಿಂತಿರುಗಿ ನೋಡಿ, ಖುಷಿಯಾಗಿ, ಹುಲ್ಲಿನಂಚಿಗೆ ಹಿಮ್ಮಡಿ ತಾಗಿಸಿ ನಿಂತ.

ಗೂಟ ಬ್ಯಾಟ್ ಕೆಳಗಿಳಿಸಿ ಆ ಹುಲ್ಲಿನಂಚನ್ನೇ ನೋಡಿದ. ಎರಡೂ ತಂಡಕ್ಕೆ ಮೈದಾನ ಒಂದೇ. ತನಗಾಗಲಿ, ಹೆಂಡತಿಗಾಗಲಿ, ಬಾಮೈದನಿಗಾಗಲಿ ಈ ಮಾತು ಹೊಳೆದಿರಲಿಲ್ಲ. ಅಂಪೈರನ ಕಡೆ ತಿರುಗಿ ಏನೆಂದು ದೂರುವುದು? ಬೇಲಿಯ ಹತ್ತಿರ ಬಾಮೈದ ಬಿಳಿಚಿಕೊಂಡು ನಿಂತಿದ್ದ.

ಗೂಟ ಎಡಬದಿಗೆ ಹೊಡೆಯಲು ನೋಡಿದ, ಬ್ಯಾಟಿಗೆ ಗಾಳಿ ಸಿಕ್ಕಿತು. ಮತ್ತೆ ನೋಡಿದ, ಮತ್ತೆ ಗಾಳಿ. ಮೂರನೆಯದಕ್ಕೆ ಅವನ ಮೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಅಂಥ ಚೆಂದದ ಹೊಡೆತ ಅವನು ಎಷ್ಟೋ ಕಾಲದಿಂದ ಹೊಡೆದಿರಲಿಲ್ಲ. ಕಾಲೆಳೆಯುತ್ತ ಓಡಿದ, ಹೋಗು ಹೋಗು ಎಂದು ಚೆಂಡಿಗೆ ಅಂಗಲಾಚುತ್ತ ಓಡಿದ. ಕೊಕ್ಕರೆ ಮೇಲಕ್ಕೆ ನೆಗೆದ. ಚೆಂಡು ಅವನ ಗ್ಲೌಸಿನ ತುದಿಯಲ್ಲಿ ಸಿಕ್ಕಿಕೊಂಡಿತು.

ಆಟ ಮುಗಿದ ಮೇಲೆ ಕೊಕ್ಕರೆ ಕೈಕುಲುಕಲು ಬಂದ. "ನಿಮ್ಮ ಮೈದಾನ ಚೆನ್ನಾಗಿದೆ ಅಣ್ಣ, ಹಿಂದೆ ಧಾರಾಳ ಜಾಗ. ನಮ್ಮ ಕಡೆ ಆಗಿದ್ರೆ ಆ ಚೆಂಡು ನನ್ನ ತಲೆ ಮೇಲೆ ಹೋಗ್ತಿತ್ತು."

ಮ್ಯಾನೇಜರನ ಕುರ್ಚಿ ಖಾಲಿಯಾಗಿತ್ತು. ಎಲ್ಲರೂ ಹೋದ ಮೇಲೆ ಬಾಮೈದ ಹುಲ್ಲಿನ ಸುರುಳಿ ಹೊತ್ತು ತಂದ. ಗೂಟ ಮಂಡಿಯೂರಿ ಕೂತು, ಹುಲ್ಲನ್ನು ಬಿಡಿಸಿ ಮೊದಲಿದ್ದ ಜಾಗಕ್ಕೆ ಒತ್ತತೊಡಗಿದ. ಬಾಮೈದನ ಕೆಲಸವಾದರೂ ಉಳಿಯಬೇಕಲ್ಲ. ಕೊನೆಯ ತುಂಡನ್ನು ಒತ್ತಿ ಮುಗಿಸಿದ, ಆದರೆ ಅಲ್ಲೇ ಕೂತಿದ್ದ.

"ಏಳಿ ಭಾವ, ಮನೆಗೆ ಹೋಗೋಣ."

"ಆಗ್ತಿಲ್ಲ ಕಣೋ," ಎಂದ ಗೂಟ. "ಹಿಡಿದು ಎಬ್ಬಿಸು. ನಾಳೆ ಬೆಳಗ್ಗೆ ಕುಲುಮೆಗೆ ಹೋಗ್ಬೇಕು."