ಲೆಫ್ಟಿನೆಂಟರ ಒಂಬತ್ತು ಬಟ್ಟಲು ಕಾಫಿ

ಯುದ್ಧ ನಿಂತಿದೆಯೆಂದು ರೇಡಿಯೋ ಅರಚಿ ಎರಡು ದಿನವಾಗಿತ್ತು. ಕುವೈತಿನಿಂದ ಹಿಂದಿರುಗುತ್ತಿದ್ದ ಇರಾಕಿ ಸೇನೆಯ ಲಾರಿಗಳು ಬಸ್ರಾ ದಾಟಿ ಹಮ್ಮಾರ್ ಕೆರೆಯ ಏರಿಯ ಮೇಲೆ ಸಾಲುಗಟ್ಟಿದ್ದವು. ಡ್ರೈವರ್ ಚಾಸಿಬನ ಲಾರಿಯೊಂದು ಮಾತ್ರ, ಏರಿ ಇನ್ನೂ ಎರಡು ಮೈಲಿ ಇರುವಾಗಲೇ, ಬುಸ್ಸೆಂದು ಹಬೆ ಉಗುಳಿ ನಿಂತಿತು. ಥೂ ಹಾಳಾದ್ದೇ! ಕೆರೆಯಾಚೆಯೇ ಅವನ ಊರು. ಹುಟ್ಟಿ ನಾಲ್ಕು ತಿಂಗಳಾದರೂ ಅವನಿನ್ನೂ ಮುಖ ನೋಡದ ಮಗಳು ಅಲ್ಲಿದ್ದಳು.

ನೀರಿಗೆಂದು ಅವನೂ ಲಾರಿಯಲ್ಲಿದ್ದ ಲೆಫ್ಟಿನೆಂಟರೂ ಹತ್ತಿರದ ಜೊಂಡಿನ ಅತಿಥಿಮನೆಗೆ ಹೋದರೆ ಮುದುಕ ಹಾಜಿ ದಾಖಿಲ್ ಸುಮ್ಮನೆ ಬಿಟ್ಟಾನೆಯೇ?

"ನನ್ನ ಬಾಗಿಲಿಗೆ ಬಂದು ಬರೀ ನೀರು ತಗೊಂಡು ಹೋಗ್ತೀರಾ? ಊರೋರು ನನ್ನ ಮುಖಕ್ಕೆ ಉಗೀತಾರೆ. ಕೂತ್ಕೊಳ್ಳಿ!"

ಕಹಿ ಕಾಫಿ ಬಂತು, ಒಂದೊಂದೇ ಗುಟುಕು. ಚಾಸಿಬ್ ಮೂರು ಬಟ್ಟಲು ಕುಡಿದು, ನಾಲ್ಕನೆಯದಕ್ಕೆ ಬಟ್ಟಲನ್ನು ಅಲುಗಾಡಿಸಿ ಕೊಟ್ಟ. ಅಲುಗಾಡಿಸಿದರೆ 'ಸಾಕು' ಎಂದರ್ಥ, ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ. ಈ ಜೊಂಡುನಾಡಿನಲ್ಲಿ ಹಾಲುಗಲ್ಲದ ಮಕ್ಕಳಿಗೂ ಇದು ಗೊತ್ತು. ಮೋಸುಲ್ ಪೇಟೆಯಲ್ಲಿ ಚಹಾ ಕುಡಿದು ಬೆಳೆದ ಲೆಫ್ಟಿನೆಂಟ್ ಮುವಫ್ಫಕ್‌ಗೆ ಗೊತ್ತಿರಲಿಲ್ಲ.

"ಸಾಕು ಹಾಜಿ."

"ಸಂಕೋಚ ಪಟ್ಕೋಬೇಡಪ್ಪಾ," ಎಂದು ಹಾಜಿ ಸುರಿದ.

ಆರಾಯಿತು, ಏಳಾಯಿತು. ಲೆಫ್ಟಿನೆಂಟರ ಕಣ್ಣು ಮೇಲಾಯಿತು.

"ಲೋ ಎಮ್ಮೆ ಕಾಯೋನೇ," ಪಿಸುಗುಟ್ಟಿದರು, "ಈ ಮುದುಕನ್ನ ನಿಲ್ಸೋದು ಹೆಂಗೋ? ತಡ ಆಗ್ತಿದೆ!"

ಐದು ತಿಂಗಳಿಂದ ಇದೇ ಹೆಸರು. ಚಾಸಿಬ್ ಮುಖ ಗಂಟಿಕ್ಕಿಕೊಂಡ. "ಬೇಡ ಅಂದ್ರೆ ಅವಮಾನ ಸಾಹೇಬ್ರೆ. ಕುಡೀರಿ." ಮಗಳ ಹತ್ತಿರ ಓಡುವ ಆತುರ ಅವನಿಗೇ ಹೆಚ್ಚು; ಆದರೂ ಈ ತಮಾಷೆ ಬಿಡಲಾದೀತೇ? ಒಂಬತ್ತಾಗಲಿ, ಆಮೇಲೆ ಹೇಳೋಣ ಅಂದುಕೊಂಡ.

ಒಂಬತ್ತನೆಯದು ಗಂಟಲಿಳಿಯುವಷ್ಟರಲ್ಲಿ ನೆಲ ನಡುಗಿತು. ಬಾಗಿಲಿಗೆ ಓಡಿದರು. ಏರಿಯ ಮೇಲೆ ಅಮೆರಿಕದ ಹೆಲಿಕಾಪ್ಟರುಗಳು. ಲಾರಿಗಳು ಒಂದರ ಹಿಂದೊಂದು ಉರಿಯುತ್ತಿದ್ದವು.

"ಯುದ್ಧ ಮುಗೀತು ಅಂದ್ರಲ್ಲೋ! ಮನೆಗೆ ಹೋಗೋರಿಗೆ ಹೊಡೀತಾರಲ್ಲೋ!" ಎಂದು ಲೆಫ್ಟಿನೆಂಟರು ಕಿರುಚಿದರು.

"ಲಾರಿಯೋರೇ ಮೊದಲು ಹೊಡೆದ್ರು ಅಂತ ನಾಳೆ ಅಮೆರಿಕದೋರು ಹೇಳ್ತಾರೆ, ನೋಡ್ತಿರು," ಎಂದ ಹಾಜಿ.

ಅಯ್ಯೋ, ಬೆಳಿಗ್ಗೆ ಒಟ್ಟಿಗೆ ರೊಟ್ಟಿ ಮುರಿದವರೆಲ್ಲ ಅಲ್ಲಿದ್ದರು.

ಒಳಗೆ ಬಂದು ಕೂತಾಗ ಲೆಫ್ಟಿನೆಂಟರು ಮತ್ತೆ ಬಟ್ಟಲು ಚಾಚಿದರು. ಕೈ ಗಡಗಡ ನಡುಗುತ್ತಿತ್ತು. ಅಲುಗಾಡುವ ಬಟ್ಟಲನ್ನು ನೋಡಿ ಹಾಜಿ ಪದ್ಧತಿಯಂತೆ ಕಾಫಿಯ ಹೂಜಿಯನ್ನು ಕೆಳಗಿಟ್ಟ.

"ಇನ್ನೊಂದು ಹಾಕಿ ಹಾಜಿ," ಅಂದರು ಲೆಫ್ಟಿನೆಂಟರು, ಮಗುವಿನ ದನಿಯಲ್ಲಿ.

ಚಾಸಿಬ್ ಅವರ ಪಕ್ಕಕ್ಕೆ ಸರಿದು, ಬಟ್ಟಲು ಅಲುಗದ ಹಾಗೆ ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡ.